ಶಾಂಘೈನಲ್ಲಿ ಯಾರಾದ್ರೂ "ಟೀ ಕುಡಿಯೋಣ ಬನ್ನಿ" ಅಂದ್ರೆ ಹೋಗಬೇಡಿ

ಶಾಂಘೈಗೆ ಹೊರಟವರು ದಯವಿಟ್ಟು ಓದಿ. ನದಿ ದಂಡೆಯ ಬಂಡ್ ಬೀದಿ, ನಾನ್‌ಜಿಂಗ್ ರಸ್ತೆ, ಪೀಪಲ್ಸ್ ಸ್ಕ್ವೇರ್, ಪ್ರವಾಸಿಗರು ಸೇರುವ ಮೂರೂ ಕಡೆ ಇದೇ ಆಟ. ನನಗೆ ಬಿದ್ದ ನಾಮ 1,000 ಯುವಾನ್, ನಮ್ಮ ಹನ್ನೆರಡು ಸಾವಿರದ ಮೇಲೆ. ಟೀಗೆ! ಹೇಳಿಕೊಳ್ಳೋಕೇ ನಾಚಿಕೆ.

ಬಂಡ್‌ನಲ್ಲಿ 1927ರ ಕಸ್ಟಮ್ಸ್ ಹೌಸ್ ಗಡಿಯಾರದ ಗೋಪುರದ ಮುಂದೆ ಎಲ್ಲರೂ ಕತ್ತೆತ್ತಿ ನಿಂತಿರ್ತಾರೆ. ಇಬ್ಬರು ಹುಡುಗಿಯರು "ಒಂದು ಫೋಟೋ ತೆಗೀತೀರಾ" ಅಂತ ಬರ್ತಾರೆ. ಬೇರೆ ಊರಿನ ವಿದ್ಯಾರ್ಥಿನಿಯರಂತೆ. ಇಂಡಿಯಾ ಅಂದ ತಕ್ಷಣ ಅಮೀರ್ ಖಾನ್. ಬ್ರಿಟಿಷರ ಕಾಲದಲ್ಲಿ ಇಲ್ಲಿ ಸಿಖ್ ಪೊಲೀಸರಿದ್ದರು ಅನ್ನೋದೂ ಬಾಯಿಪಾಠ. ಆಮೇಲೆ "ಇವತ್ತು ಟೀ ಉತ್ಸವದ ಕೊನೇ ದಿನ, ನಾವೂ ಅಲ್ಲಿಗೇ." ಯಾವ ಉತ್ಸವವೂ ಇಲ್ಲ.

ಗಲ್ಲಿಯೊಳಗೆ ಮಹಡಿ ಮೇಲೆ ಕಿಟಕಿಯಿಲ್ಲದ ರೂಮು. ಬೋರ್ಡಿಲ್ಲ. ಮೊದಲ ನೀರನ್ನು ಮಣ್ಣಿನ ಪುಟ್ಟ ಕಪ್ಪೆ ಮೇಲೆ ಸುರಿದು "ಅದೃಷ್ಟ" ಅಂತಾರೆ. ಅದೃಷ್ಟವಂತೆ! ಆಮೇಲೆ ಮಲ್ಲಿಗೆ, ಊಲಾಂಗ್, ಪುವರ್ ಅಂತ ಆರು ಬಗೆ, ಒಂದೊಂದೂ ಎರಡು ಗುಟುಕು. ರೇಟ್ ಕಾರ್ಡಲ್ಲಿ 48 ಯುವಾನ್ ಅಂತಿತ್ತು. ಒಂದು ಪಾಟ್‌ಗೆ ಅಂದ್ಕೊಂಡೆ. ಯಾರಾದ್ರೂ ಹಾಗೇ ಅಂದ್ಕೋತಾರೆ.

ಬಿಲ್ಲು 1,460. ಆರು ಬಗೆ, ಮೂರು ಜನ, ತಲಾ 48: 864. ರೂಮಿಗೆ 200. ಟೀ ಮಾಡಿ ತೋರಿಸಿದ್ದಕ್ಕೆ ತಲೆಗೆ 100. ಕೇಳದೇ ತಂದಿಟ್ಟ ಹಣ್ಣಿಗೆ 96.

ಕೇಳಿದರೆ "ಕಾರ್ಡಲ್ಲಿ ಬರೆದಿದೆಯಲ್ಲ." ಬರೆದಿತ್ತು, ಟೀ ಹೆಸರು ಇಂಗ್ಲಿಷಲ್ಲಿ, "ಒಬ್ಬರಿಗೆ, ಒಂದು ಕಪ್ಪಿಗೆ" ಅನ್ನೋದು ಮಾತ್ರ ಅದರ ಕೆಳಗೆ ಸಣ್ಣ ಚೀನಿ ಅಕ್ಷರದಲ್ಲಿ. ಮತ್ತೆ ಕೇಳಿದರೂ "ಕಾರ್ಡಲ್ಲಿ ಬರೆದಿದೆ." ಮೂರನೇ ಸಲಕ್ಕೆ "ಇದು ನಮ್ಮ ಸಂಪ್ರದಾಯ, ಚೌಕಾಸಿ ಮಾಡಬಾರದು." ಅಷ್ಟರಲ್ಲಿ ಹುಡುಗಿಯರು 460 ಯುವಾನ್ ನೋಟಲ್ಲಿ ಇಟ್ಟು "ನಮ್ಮತ್ರ ಇಷ್ಟೇ ಇರೋದು" ಅಂತ ಮುಖ ಸಣ್ಣ ಮಾಡಿದರು. ಅಲ್ಲೇ ಹಳ್ಳಕ್ಕೆ ಬೀಳೋದು. ಅವರೂ ಕೊಟ್ಟರಲ್ಲ, ನಾನು ಜಗಳ ಆಡೋದು ಹೇಗೆ ಅನ್ನಿಸುತ್ತೆ. ಫೋನಲ್ಲಿ ಅಲಿಪೇ ಇತ್ತು, ಸ್ಕ್ಯಾನ್ ಮಾಡಿಬಿಟ್ಟೆ.

ಮೆಟ್ಟಿಲಿಳಿದ ಮೇಲೆ ಬುದ್ಧಿ ಬಂತು. ವಾಪಸ್ ಹತ್ತಿ ಫಾಪ್ಯಾವ್ ಕೇಳಿದೆ, ಅಂದರೆ ತೆರಿಗೆ ಲೆಕ್ಕಕ್ಕೆ ಹೋಗುವ ಅಧಿಕೃತ ಬಿಲ್ಲು. "ಮಿಷನ್ ಕೆಟ್ಟಿದೆ." ಹುಡುಗಿಯರು ಇನ್ನೂ ಅಲ್ಲೇ ಕೂತಿದ್ದರು, ನಗ್ತಾ.

ಸಿಕ್ಕಿಬಿದ್ದರೆ ದುಡ್ಡು ಕೊಡೋಕೆ ಮುಂಚೆ ಫಾಪ್ಯಾವ್ ಕೇಳಿ, ಎದುರಿಗೇ 110 ಒತ್ತಿ. ಅದು ಪೊಲೀಸ್ ನಂಬರು. ಕೊಟ್ಟಾಗಿದ್ದರೆ ಸರ್ಕಾರಿ ಸಹಾಯವಾಣಿ 12345ಕ್ಕೆ ದೂರು ಹೇಳಿ, ಬಾಗಿಲಿನ ಫೋಟೋ, ಪಾವತಿಯ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಟೀ ಕುಡೀಲೇಬೇಕಾ? ಯುಯುವಾನ್ ತೋಟದ ಹತ್ತಿರ ಅಂಕುಡೊಂಕು ಸೇತುವೆಯ ಹೂಶಿನ್‌ಟಿಂಗ್‌ಗೆ ಹೋಗಿ. ದುಬಾರಿಯೇ, ಆದರೆ ನೀವಾಗೇ ಹೋಗಿದ್ದು.

ಫೋಟೋ ತೆಗೀರಿ ಅಂದ್ರೆ ತೆಗೆದುಕೊಡಿ. ಫೋನ್ ಕೈಗಿಟ್ಟು ನಡೀತಾ ಇರಿ.