ಅಲೆಕ್ಸಾಂಡರನ ಚಿನ್ನ ಗುರುತಿಸಲು ‘ಪೆಲ್ಲಾ’: ಕೆಲವು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಅಲೆಕ್ಸಾಂಡರನ ಚಿನ್ನದ ನಾಣ್ಯ ಒಂದೂ ಇಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಹರಾಜಿನ, ಮ್ಯೂಸಿಯಂಗಳ ಫೋಟೊ ನೋಡಿ ಇದು ಯಾರದು, ಯಾವ ಊರಲ್ಲಿ ಹೊಡೆದದ್ದು ಎಂದು ಹುಡುಕುವ ಹುಚ್ಚು ಅಷ್ಟೇ. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಪೆಲ್ಲಾ’ ಜಾಲತಾಣವನ್ನು. ಪೂರ್ತಿ ಉಚಿತ.

ಅಲೆಕ್ಸಾಂಡರನ ಸ್ಟೇಟರ್ (ಆ ಕಾಲದ ಗ್ರೀಕ್ ಚಿನ್ನದ ನಾಣ್ಯ) ಎಂದು ಹೇಳಲು ಪೆಲ್ಲಾ ಬೇಕಿಲ್ಲ. ಒಂದು ಕಡೆ ಶಿರಸ್ತ್ರಾಣ ತೊಟ್ಟ ಗ್ರೀಕ್ ದೇವತೆ ಅಥೀನಾ, ಇನ್ನೊಂದು ಕಡೆ ಎಲೆಹಾರ ಹಿಡಿದು ನಿಂತ ರೆಕ್ಕೆಯ ವಿಜಯದೇವತೆ ನೈಕಿ, ತೂಕ ಸುಮಾರು 8.6 ಗ್ರಾಂ. ತಲೆನೋವು ಶುರುವಾಗುವುದು ಆಮೇಲೆ. ಅವನು ಕ್ರಿ.ಪೂ. 323ರಲ್ಲಿ ಸತ್ತರೂ ಅವನ ಹೆಸರಿನ ನಾಣ್ಯ ನಿಲ್ಲಲಿಲ್ಲ. ಊರು, ಕಾಲ ತಿಳಿಯಬೇಕಾದರೆ ನೈಕಿಯ ಅಕ್ಕಪಕ್ಕದ ಪುಟ್ಟ ಗುರುತುಗಳನ್ನೇ ನೋಡಬೇಕು: ತ್ರಿಶೂಲ, ವಜ್ರಾಯುಧ, ಅಕ್ಷರಗಳನ್ನು ಹೆಣೆದ ಮೊನೊಗ್ರಾಮ್. ಪೆಲ್ಲಾ ಗೆಲ್ಲುವುದು ಇಲ್ಲೇ. ಲೋಹ, ಟಂಕಸಾಲೆ ಆರಿಸುತ್ತಾ ಹೋದಂತೆ ಪಟ್ಟಿ ಚಿಕ್ಕದಾಗುತ್ತದೆ. ಮೊನೊಗ್ರಾಮ್‌ನಲ್ಲಿ ಕಾಣುವ ಗ್ರೀಕ್ ಅಕ್ಷರಗಳನ್ನು ಆರಿಸಿಯೂ ಹುಡುಕಬಹುದು. ಅಲೆಕ್ಸಾಂಡರನ ಬಗೆಗಳಿಗೆಲ್ಲ ನಾಣ್ಯತಜ್ಞ ಮಾರ್ಟಿನ್ ಪ್ರೈಸ್ 1991ರಲ್ಲಿ ಕೊಟ್ಟ ನಂಬರೇ ಇದೆ. ಹರಾಜಿನವರು ಬರೆಯುವುದೂ ಅದನ್ನೇ, ಆದ್ದರಿಂದ ತಾಳೆ ನೋಡುವುದು ಸಲೀಸು.

ಫಿಲಿಪ್ ವಿಷಯದಲ್ಲಂತೂ ತುಂಬ ಸಹಾಯವಾಯಿತು. ಅಪೊಲೊ ತಲೆ, ಹಿಂದೆ ಜೋಡಿ ಕುದುರೆ ರಥ ಇದ್ದರೆ ಅದು ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ಶುರು ಮಾಡಿದ ಬಗೆ. ಅಥೀನಾ–ನೈಕಿ ಇದ್ದು ಹೆಸರು ಮಾತ್ರ ಫಿಲಿಪ್ ಅಂತಿದ್ದರೆ ಅದು ಅಲೆಕ್ಸಾಂಡರನ ಮಲಸಹೋದರ ಅರಿಡೇಯಸ್‌ನದು. ಅಲೆಕ್ಸಾಂಡರ್ ಸತ್ತ ಮೇಲೆ ಪಟ್ಟಕ್ಕೆ ಬಂದವನು ಅದೇ ಹೆಸರು ಇಟ್ಟುಕೊಂಡ. ಅಪ್ಪನ ಹೆಸರಿನ ರಥದ ನಾಣ್ಯ ಅಪ್ಪ ಸತ್ತ ಮೇಲೂ ಬರುತ್ತಿತ್ತು, ಅದು ಇನ್ನೊಂದು ಗೋಜಲು!

ಕೊರತೆ ಇಲ್ಲ ಅಂತಲ್ಲ. ಕೆಲವು ಬಗೆಗಳಿಗೆ ಫೋಟೊ ಇಲ್ಲ, ಬರೀ ವಿವರಣೆ ಓದಿ ಊಹಿಸಬೇಕು. ಇನ್ನು ನಾಣ್ಯ ಅಸಲಿಯೋ ನಕಲಿಯೋ ಎಂದು ಇದು ಹೇಳುವುದಿಲ್ಲ. ಒಳ್ಳೆಯ ನಕಲಿಗೂ ಸರಿಯಾದ ಪ್ರೈಸ್ ನಂಬರ್ ಸಿಕ್ಕೇ ಸಿಗುತ್ತದೆ, ಅಲ್ವಾ? ದುಡ್ಡು ಹಾಕುವವರು ತೂಕ ನೋಡಲಿ, ಅಂಚಿನಲ್ಲಿ ಎರಕದ ಗೆರೆ ಇದೆಯಾ ನೋಡಲಿ, ಬಲ್ಲವರ ಕೈಗೂ ಕೊಡಲಿ.

ಪೆಲ್ಲಾದಲ್ಲಿರುವುದು ಮ್ಯಾಸಿಡೋನಿಯದ ಆ ಮನೆತನದ ನಾಣ್ಯ. ಮುಸುಕು ಹಾಕಿದ ರಾಣಿ ಅರ್ಸಿನೊಯಿ ಇರುವ, ಸುಮಾರು 27.8 ಗ್ರಾಂ ತೂಗುವ ಈಜಿಪ್ಟಿನ ದಪ್ಪ ಚಿನ್ನ ಕಂಡರೆ ಅಲ್ಲಿ ಆಳಿದ ಟಾಲೆಮಿ ರಾಜರ ತಾಣಕ್ಕೆ ಹೋಗಬೇಕು. ಸಿರಿಯಾ ಕಡೆ ಆಳಿದ ಸೆಲ್ಯುಸಿಡ್ ರಾಜರಿಗೆ, ಬ್ಯಾಕ್ಟ್ರಿಯ (ಈಗಿನ ಅಫ್ಘಾನಿಸ್ತಾನದ ಕಡೆ) ಮತ್ತು ಇಂಡೋ-ಗ್ರೀಕರಿಗೂ ಬೇರೆ ಬೇರೆ ತಾಣಗಳಿವೆ. ಯಾವ ರಾಜನೆಂದೇ ತಿಳಿಯದಿದ್ದರೆ ಎಲ್ಲವನ್ನೂ ಒಟ್ಟಿಗೆ ಹುಡುಕುವ ‘ಹೆಲೆನಿಸ್ಟಿಕ್ ರಾಯಲ್ ಕಾಯಿನೇಜಸ್’ ಪುಟದಿಂದ ಶುರು ಮಾಡಿ.