ಅಪ್ಪನ ಜೊತೆ ರೆಡ್ ಹೌಸ್: ಗಾರೆ ಕಾಣದ ಮನೆ

ಊರಿಂದ ಯಾರಾದರೂ ಲಂಡನ್ನಿಗೆ ಬಂದರೆ ಅರಮನೆ, ಸೇತುವೆ ಅಂತ ಸುತ್ತಿಸಿ ಕಳಿಸುತ್ತೇವೆ, ಅಲ್ವಾ? ಅಪ್ಪ ಬಂದಾಗ ನಾನು ಅವರನ್ನು ಲಂಡನ್ ಅಂಚಿನ ಬೆಕ್ಸ್ಲಿಹೀತ್‌ನ ರೆಡ್ ಹೌಸ್‌ಗೆ ಕರೆದುಕೊಂಡು ಹೋದೆ. ಅಪ್ಪ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವರು. ಗೇಟು ದಾಟಿದವರೇ ಸೀದಾ ಗೋಡೆ ಹತ್ತಿರ ಹೋಗಿ ನಿಂತುಬಿಟ್ಟರು.

ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮದುವೆಯಾದ ವರ್ಷ, 1859ರಲ್ಲಿ, ವಾಸ್ತುಶಿಲ್ಪಿ ಗೆಳೆಯ ಫಿಲಿಪ್ ವೆಬ್ ಕೈಲಿ ಈ ಮನೆಯ ಕೆಲಸ ಶುರು ಮಾಡಿಸಿದರು. ವೆಬ್ ಸ್ವಂತವಾಗಿ ಕೈಗೆತ್ತಿಕೊಂಡ ಮೊದಲ ಮನೆ ಇದು. ಆಗಿನ ಅನುಕೂಲಸ್ಥರು ಇಟ್ಟಿಗೆ ಕಾಣದ ಹಾಗೆ ಗಾರೆ ಮೆತ್ತಿಸಿ ಕಲ್ಲಿನ ಮನೆಯಂತೆ ತೋರಿಸುತ್ತಿದ್ದರು. ಇಲ್ಲಿ ಬರೀ ಕೆಂಪು ಇಟ್ಟಿಗೆ, ಮೇಲೆ ಕಡಿದಾದ ಹೆಂಚಿನ ಮಾಡು. ಅಪ್ಪ ಸಂದಿಗಳ ಮೇಲೆ ಬೆರಳಾಡಿಸಿ, "ಮೇಲೆ ಗಾರೆ ಇಲ್ಲ ಅಂದ್ರೆ ಒಂದೊಂದು ಸಾಲೂ ಸರಿ ಇರಬೇಕು ಕಣಮ್ಮ, ಆಮೇಲೆ ಮುಚ್ಚೋಕಾಗಲ್ಲ" ಅಂದರು. ಕಿಟಕಿಗಳ ಮೇಲಿನ ಕಮಾನುಗಳನ್ನು ಒಂದೊಂದಾಗಿ ನೋಡಿದರು. ಕಿಟಕಿಗಳು ಒಂದೇ ಅಳತೆಯವಲ್ಲ. ಒಳಗಿನ ಕೋಣೆಗೆ ಎಷ್ಟು ಬೆಳಕು ಬೇಕೋ ಅಷ್ಟು ಕಿಟಕಿ.

ಹಿಂದಿನ ಅಂಗಳದಲ್ಲಿ ಒಂದು ಬಾವಿ ಇದೆ, ಅದಕ್ಕೆ ಶಂಕುವಿನಂಥ ಹೆಂಚಿನ ಟೋಪಿ. ಮನೆ ಇಂಗ್ಲಿಷಿನ ಎಲ್ ಆಕಾರದಲ್ಲಿ ಈ ಬಾವಿಯನ್ನು ಬಳಸಿ ನಿಂತಿದೆ. ಅಲ್ಲೇ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು.

ಒಳಗೆ ನನಗೆ ಜಾಸ್ತಿ ಹಿಡಿಸಿದ್ದು ಚಾವಣಿ. ಹಸಿ ಗಾರೆಯಲ್ಲೇ ಸಣ್ಣ ತೂತುಗಳನ್ನು ಚುಚ್ಚಿ, ಆ ಗುರುತು ಹಿಡಿದು ಬಣ್ಣ ತುಂಬಿದ್ದಾರೆ. ಥೇಟ್ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ! ಬಣ್ಣ ಮಾಸಿದರೂ ಚುಕ್ಕಿ ಉಳಿದಿರುತ್ತೆ, ಮತ್ತೆ ತುಂಬಬಹುದು. ಮಹಡಿಯ ಹಜಾರದಲ್ಲಿ ಚಿತ್ರಕಾರ ಬರ್ನ್-ಜೋನ್ಸ್ ಬರೆದ ಮದುವೆ ಊಟದ ಚಿತ್ರವಿದೆ, ಅದರಲ್ಲಿ ರಾಜ ರಾಣಿಯಾಗಿ ಕೂತಿರುವುದು ಮಾರಿಸ್ ಮತ್ತು ಹೆಂಡತಿ ಜೇನ್.

ಇಷ್ಟು ಆಸೆಪಟ್ಟು ಕಟ್ಟಿಸಿದವರು ಇಲ್ಲಿ ಬಾಳಿದ್ದು ಐದೇ ವರ್ಷ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದು ಇಲ್ಲೇ, ಆದರೂ 1865ರಲ್ಲಿ ಬಿಟ್ಟು ಲಂಡನ್ ಪೇಟೆಗೆ ಹೋದರು. ಮನೆ ಉತ್ತರಕ್ಕೆ ಮುಖ ಮಾಡಿದೆ, ಚಳಿ. ಆಮೇಲೆ ಕೈಯಿಂದ ಕೈಗೆ ದಾಟಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಬಡವರಿಗೆ ನೆರವು ಕೊಡುವ ಸರ್ಕಾರಿ ಕಚೇರಿಯೂ ಆಯಿತು. 1952ರಲ್ಲಿ ಟೆಡ್ ಹಾಲಂಬಿ ಅನ್ನುವ ವಾಸ್ತುಶಿಲ್ಪಿಯ ಕುಟುಂಬ ಇನ್ನೊಂದು ಕುಟುಂಬದ ಜೊತೆ ಸೇರಿ ಕೊಂಡುಕೊಂಡಿತು. ನನ್ನ ಲೆಕ್ಕದಲ್ಲಿ ಈ ಮನೆ ಉಳಿದದ್ದೇ ಹಾಲಂಬಿ ದಂಪತಿಯಿಂದ. ಸುಮಾರು ಅರ್ಧ ಶತಮಾನ ಇಲ್ಲೇ ಉಂಡು ಮಲಗಿ, ರಿಪೇರಿ ಮಾಡಿಸುತ್ತಾ, ನೋಡಬೇಕು ಅಂತ ಬಂದವರಿಗೆ ಬಾಗಿಲನ್ನೂ ತೆರೆದರು. 2003ರಲ್ಲಿ, ಹಳೇ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಗೆ ಬಂತು.

ಮಾರಿಸ್ ಕಾಲದ ಸಾಮಾನು ತುಂಬಿರುತ್ತೆ ಅಂದುಕೊಂಡು ಹೋಗಬೇಡಿ. ಉಳಿದಿರುವುದು ಕಡಿಮೆ, ಸಾಗಿಸಲಾಗದಷ್ಟು ದೊಡ್ಡ ಬೀರು ಬೆಂಚುಗಳಂಥವು. ನೋಡಬೇಕಾದ್ದು ಗೋಡೆ, ಮೆಟ್ಟಿಲು, ಬರಿ ಇಟ್ಟಿಗೆಯ ಅಗ್ಗಿಷ್ಟಿಕೆ. ಮಲಗುವ ಕೋಣೆಯಲ್ಲಿ ಗೋಡೆ ಬೀರುವಿನ ಹಿಂದೆ ಅಡಗಿದ್ದ ಚಿತ್ರ ಪೂರ್ತಿ ಬೆಳಕಿಗೆ ಬಂದದ್ದು 2013ರಲ್ಲಿ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಬೆಕ್ಸ್ಲಿಹೀತ್ ಸ್ಟೇಷನ್ನಿಂದ ಕಾಲು ಗಂಟೆ ನಡಿಗೆ. ಮಾರಿಸ್ ಕಾಲದಲ್ಲಿ ನೆಂಟರು ಆಬಿ ವುಡ್ ಸ್ಟೇಷನ್‌ನಲ್ಲಿ ಇಳಿದು ಕುದುರೆ ಗಾಡಿಯಲ್ಲಿ ಬರುತ್ತಿದ್ದರಂತೆ, ಈಗ ಅದೇ ಆಬಿ ವುಡ್‌ಗೆ ಎಲಿಜಬೆತ್ ಲೈನ್ ರೈಲು ಇದೆ, ಅಲ್ಲಿಂದ ಬಸ್ಸು ಹಿಡಿಯಬಹುದು. ದಿನಾ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ. ಸ್ವೆಟರ್ ಇರಲಿ.

ಹೊರಡುವಾಗ ಅಪ್ಪ ಕಾಣಲಿಲ್ಲ. ಹುಡುಕಿದರೆ ಮತ್ತೆ ಬಾವಿ ಹತ್ತಿರ ನಿಂತು ಇಟ್ಟಿಗೆ ಸಾಲು ಎಣಿಸುತ್ತಿದ್ದರು.