ವೆಬರ್ 22 ಇಂಚಿನ ಕೆಟಲ್: ಬೂದಿ ತೆಗೆಯುವುದು ಈಗ ಐದು ನಿಮಿಷದ ಕೆಲಸ

ಬೂದಿ ಡಬ್ಬಿ ಇರುವ ವೆಬರ್ ಕೆಟಲ್, ಅಂದರೆ ಇದ್ದಿಲಿನಲ್ಲಿ ಮಾಂಸ ಸುಡುವ ದುಂಡನೆಯ ಗ್ರಿಲ್, ತಗೊಂಡು ಎರಡು ಬೇಸಿಗೆ ಆಯಿತು. ನಾವಿರುವುದು ಟೆಕ್ಸಾಸ್‌ನಲ್ಲಿ. ಇದ್ದಿಲನ್ನು ಅಂಚಿನ ಸುತ್ತ ಅರ್ಧ ಚಂದ್ರದ ಹಾಗೆ ಜೋಡಿಸಿ ಒಂದು ತುದಿಗೆ ಕೆಂಡ ಇಟ್ಟರೆ ಇದೇ ಸ್ಮೋಕರ್ (ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಒಲೆ) ಆಗುತ್ತದೆ. ಹಂದಿ ಭುಜದ ಮಾಂಸಕ್ಕೆ ಕಾಳುಮೆಣಸು, ಊರಿನಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸವರಿ ಹತ್ತು ಗಂಟೆ ಹೊಗೆಯಲ್ಲಿ ಇಡುತ್ತೇನೆ. ರುಚಿ ಸೂಪರ್. ಆದರೆ ನಾನು ಇದನ್ನು ಕೊಂಡಿದ್ದು ಬೂದಿಗೋಸ್ಕರ.

ನನ್ನ ಹಳೆಯ ಸ್ಮೋಕರ್ ಬುಲೆಟ್ ಆಕಾರದ್ದು, ಕಂಪನಿ ಹೆಸರು ಬೇಡ. ಅದರ ಬೂದಿ ತೆಗೆಯಬೇಕು ಅಂದರೆ ಮುಚ್ಚಳ ತೆಗೆದು, ಜಾಲರಿ ಎತ್ತಿ, ಜಿಡ್ಡು ತೇಲುವ ನೀರಿನ ಬೋಗುಣಿಯನ್ನು ಚೆಲ್ಲದ ಹಾಗೆ ಹೊರಗಿಟ್ಟು, ನಡುವಿನ ಡ್ರಮ್ ಪಕ್ಕಕ್ಕಿಟ್ಟು, ಆಮೇಲೆ ಬುಡದ ಬಟ್ಟಲನ್ನು ಬೋರಲು ಹಾಕಬೇಕಿತ್ತು. ಒಂದು ಸಲ ಆ ನೀರು ಬೂದಿ ಮೇಲೆ ಚೆಲ್ಲಿತು. ಕೆಲಸದ ಗಡಿಬಿಡಿಯಲ್ಲಿ ವಾರ ಹಾಗೇ ಬಿಟ್ಟೆ. ಸಿಮೆಂಟ್ ಥರ ಕೂತುಬಿಟ್ಟಿತ್ತು. ಕೆರೆದರೆ ಕೆಳಗೆಲ್ಲ ಕೆಂಪು ತುಕ್ಕು, ಬೂದಿ ತೇವ ಹಿಡಿದಿಟ್ಟುಕೊಳ್ಳುತ್ತದೆ ಅಲ್ವಾ, ತಗಡು ಎಷ್ಟು ದಿನ ತಡೆದೀತು.

ಕೆಟಲ್‌ನಲ್ಲಿ ಬುಡದ ಒಳಗೆ ಮೂರು ರೆಕ್ಕೆಗಳಿವೆ. ಹೊರಗಿನ ಹಿಡಿಯನ್ನು ಆಚೆ ಈಚೆ ಆಡಿಸಿದರೆ ಸರ್ ಸರ್ ಅಂತ ಸದ್ದು, ಬೂದಿ ರಂಧ್ರಗಳಿಂದ ಕೆಳಗಿನ ಡಬ್ಬಿಗೆ ಇಳಿಯುತ್ತದೆ. ಡಬ್ಬಿ ಬಿಚ್ಚಿ ಸುರಿದರೆ ಮುಗಿಯಿತು. ಗಾಳಿ ಬೀಸಿದರೂ ಅಂಗಳದ ತುಂಬ ಹಾರುವುದಿಲ್ಲ. ಗಾಳಿ ಒಳಗೆ ಹೋಗುವುದೂ ಅದೇ ರಂಧ್ರಗಳಿಂದ, ಹಾಗಾಗಿ ಏಳೆಂಟು ಗಂಟೆ ಆದಮೇಲೆ ಕಾವು ಸುಮ್ನೆ ಇಳಿಯುತ್ತಿದ್ದರೆ ಅಲ್ಲಿ ಬೂದಿ ಕಟ್ಟಿದೆ ಅಂತ ಅರ್ಥ. ಹಿಡಿಯನ್ನು ಮೆಲ್ಲಗೆ ಒಂದೆರಡು ಸಲ ಆಡಿಸಿ. ಜೋರಾಗಿ ಬೇಡ, ಬೂದಿ ಎದ್ದು ಮಾಂಸದ ಮೇಲೆ ಕೂರುತ್ತದೆ.

ಅಚ್ಚು ಒತ್ತಿದ ಇದ್ದಿಲಿನಲ್ಲಿ ಗಂಜಿ ಅದೂ ಇದೂ ಸೇರಿರುತ್ತದೆ, ಬೂದಿ ಜಾಸ್ತಿ. ಮರದ ತುಂಡಿನ ಇದ್ದಿಲಾದರೆ ಕಡಿಮೆ. ಊರಲ್ಲಿ ಅಮ್ಮ ಒಲೆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರು, ಕರಿಬೇವಿನ ಬುಡಕ್ಕೂ ಹಾಕುತ್ತಿದ್ದರು. ಅಚ್ಚು ಇದ್ದಿಲಿನ ಬೂದಿಯನ್ನು ನಾನಂತೂ ಗಿಡಕ್ಕೆ ಹಾಕುವುದಿಲ್ಲ.

ಒಂದು ವಿಷಯ ದಯವಿಟ್ಟು ಮರೆಯಬೇಡಿ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಅದು ಇಲ್ಲಿ ಅಕ್ಷರಶಃ ನಿಜ. ಅಡುಗೆ ಮುಗಿದ ಮೇಲೆ ಮೇಲಿನ, ಕೆಳಗಿನ ಕಿಂಡಿ ಎರಡೂ ಮುಚ್ಚಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತಣ್ಣಗಿದೆ ಅನ್ನಿಸಿದರೂ ಮುಚ್ಚಳವಿರುವ ಲೋಹದ ಬಕೆಟ್‌ಗೇ ಸುರಿಯಿರಿ, ಇನ್ನೂ ಒಂದೆರಡು ದಿನ ಮನೆಯಿಂದ ದೂರ ಇಡಿ. ಪ್ಲಾಸ್ಟಿಕ್ ಕಸದ ಡಬ್ಬಿ, ಪೇಪರ್ ಚೀಲ ಬೇಡವೇ ಬೇಡ. ಅರ್ಧ ಉರಿದ ಇದ್ದಿಲು ಉಳಿದಿರುತ್ತದೆ, ಅದನ್ನು ಹೆಕ್ಕಿಟ್ಟರೆ ಮುಂದಿನ ವಾರಕ್ಕೆ ಆಗುತ್ತದೆ.

ಬುಡದಲ್ಲಿ ಬರೀ ತಟ್ಟೆ ಇರುವ ಮಾದರಿಯೂ ಸಿಗುತ್ತದೆ, ಅದು ಅಗ್ಗ. ಸ್ವಲ್ಪ ಜಾಸ್ತಿ ಕೊಟ್ಟು ಡಬ್ಬಿ ಇರುವುದನ್ನೇ ತಗೊಳ್ಳಿ.